ಪ್ರತಿಕ್ರಿಯೆ: ತಾಯಿಗೆ ಕೋವಿಡ್ ಲಸಿಕೆಯ ಎರಡೂ ಡೋಸ್ ಆಗಿದ್ದರೂ ಮೊದಲ ಡೋಸಿನ ಪ್ರಮಾಣಪತ್ರವೇ ಎರಡು ಸಲ ಬಂದಿದೆ
ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎರಡನೆಯ ಡೋಸಿನ ವೇಳೆ ಬೇರೆ ಮೊಬೈಲ್ ಸಂಖ್ಯೆಯನ್ನೋ ಬೇರೆ ಗುರುತಿನ ಚೀಟಿಯನ್ನೋ ಕೊಟ್ಟಿದ್ದರಿಂದ ಕೋವಿನ್ (ಕೋವಿಡ್ ಲಸಿಕೆಯ ನೋಂದಣಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಜಾಲತಾಣ) ನಿಮ್ಮ ತಾಯಿಯವರನ್ನು ಹೊಸ ಫಲಾನುಭವಿಯೆಂದು ದಾಖಲಿಸಿಕೊಂಡಿರಬೇಕು. ಪ್ರಮಾಣಪತ್ರಗಳನ್ನು ನೋಡದೆ ಇದನ್ನು ಖಚಿತವಾಗಿ ಹೇಳಲಾಗದು. ಆದರೆ ಇಂತಹ ತೊಡಕಿಗೆ ಸಾಮಾನ್ಯವಾಗಿ ಕಾರಣ ಇದೇ.

ಮೊದಲು ಎರಡೂ ಪ್ರಮಾಣಪತ್ರಗಳನ್ನು ಇಳಿಸಿಕೊಂಡು ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ಹಾಗೂ ಲಸಿಕೆಯ ಹೆಸರನ್ನು ಅಕ್ಷರಶಃ ಹೋಲಿಸಿ ನೋಡಿ. ಹೆಸರು, ವಯಸ್ಸು ಅಥವಾ ಗುರುತಿನ ಚೀಟಿಯ ಸಂಖ್ಯೆಯಲ್ಲಿ ವ್ಯತ್ಯಾಸವಿದ್ದರೆ ಕೋವಿನ್ ಖಾತೆಯ ‘ರೈಸ್ ಆ್ಯನ್ ಇಶ್ಯೂ’ ವಿಭಾಗದಲ್ಲಿ ಅದನ್ನು ತಿದ್ದಿಸಿ. ತಿದ್ದುಪಡಿಗೆ ಒಮ್ಮೆ ಮಾತ್ರ ಅವಕಾಶವಿರುವುದರಿಂದ ಆಧಾರ್ ಕಾರ್ಡನ್ನು ಎದುರಿಗಿಟ್ಟುಕೊಂಡೇ ಭರ್ತಿ ಮಾಡುವುದು ಒಳ್ಳೆಯದು. ಬಳಿಕ ಅದೇ ವಿಭಾಗದಲ್ಲಿ, ಮೊದಲ ಡೋಸಿನ ಎರಡು ಪ್ರಮಾಣಪತ್ರಗಳನ್ನು ಒಗ್ಗೂಡಿಸುವ ಆಯ್ಕೆಯ ಮೂಲಕ ಕೋರಿಕೆ ಸಲ್ಲಿಸಿ. ಇದಕ್ಕಾಗಿ ಮೊಬೈಲಿಗೆ ಬರುವ ಒ.ಟಿ.ಪಿ.ಯನ್ನು ಫೋನಿನಲ್ಲಿ ಕೇಳುವ ಯಾರಿಗೂ ಹೇಳಬೇಡಿ.

ಕೋರಿಕೆ ತಿರಸ್ಕೃತವಾದರೆ ಕೋವಿಡ್ ಸಹಾಯವಾಣಿ 1075ಕ್ಕೆ ಕರೆ ಮಾಡಿ, ಇಲ್ಲವೇ ಎರಡೂ ಪ್ರತಿಗಳೊಂದಿಗೆ ಎರಡನೆಯ ಡೋಸ್ ಕೊಟ್ಟ ಕೇಂದ್ರಕ್ಕೇ ಹೋಗಿ, ಅಲ್ಲಿನ ದಾಖಲೆಯನ್ನು ಪರಿಶೀಲಿಸುವಂತೆ ವೈದ್ಯಾಧಿಕಾರಿಯವರಿಗೆ ಲಿಖಿತ ಮನವಿ ಕೊಡಿ. ಗುರುವಾರ ಸಾಮಾನ್ಯವಾಗಿ ಮಕ್ಕಳ ಲಸಿಕೆಯ ದಿನವಾದ್ದರಿಂದ ಆ ದಿನ ಯಾರಿಗೂ ಪುರುಸೊತ್ತಿರುವುದಿಲ್ಲ. ದಾಖಲೆ ಸರಿಯಾಗಲೆಂಬ ಒಂದೇ ಕಾರಣಕ್ಕೆ ತಾಯಿಯವರಿಗೆ ಮತ್ತೊಂದು ಡೋಸ್ ಹಾಕಿಸಲೇಬೇಡಿ.