ಕೈ ತೆಗೆದದ್ದು ತಪ್ಪಲ್ಲ
(ಸಂಪಾದಕರ ಉತ್ತರ)

ಉಸ್ತಾದರೇ, ನಮಸ್ಕಾರ.

ಹಳೇ ಹುಬ್ಬಳ್ಳಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿತು. ಹೆಸರು ಹಾಕಬ್ಯಾಡ್ರಿ ಅಂದಿದ್ದೀರಿ, ಹಾಕುವುದಿಲ್ಲ. ಓದುಗರಿಗೆ ವಿಷಯ ತಿಳಿಯಲಿ ಎಂದು ಸಾರಾಂಶವನ್ನಷ್ಟೇ ಹೇಳುತ್ತೇನೆ.

ಗರಡಿಮನೆಯಲ್ಲಿ ಬೆಳೆದ ನೀವು ಮೂವತ್ತು ವರ್ಷದಿಂದ ಮಾಲೀಸು ಮಾಡಿ ಸಂಸಾರ ನಡೆಸಿದವರು. ಹೋದ ತಿಂಗಳು ವಿದ್ಯಾನಗರದ ಒಂದು ಮನೆಯಿಂದ ಫೋನ್ ಬಂತು: ಅಪ್ಪನಿಗೆ ಬೆನ್ನು ಹಿಡಿದಿದೆ, ಬಂದು ತಿಕ್ಕಿ ಹೋಗು. ಹೋದಿರಿ. ಬೆನ್ನಿಗೆ ಎಣ್ಣೆ ಹಚ್ಚಿ ತೋಳಿಗೆ ಕೈ ತಂದಾಗ ಅಲ್ಲಲ್ಲಿ ನೀಲಿ ಕಲೆ ಕಂಡವು. ಕೇಳಿದ್ದಕ್ಕೆ, ಐದು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ, ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಸಿಕೊಂಡ ಸಂಗತಿಯನ್ನು ಹಿರಿಯರೇ ಮೆಲ್ಲಗೆ ಹೇಳಿದರು. ನೀವು ಕೈ ತೆಗೆದು, ಡಾಕ್ಟರನ್ನ ಒಂದ್ ಮಾತು ಕೇಳ್ರಿ ಅಂದಿರಿ. ಮಗನಿಗೆ ಸಿಟ್ಟು ಬಂತು. "ನಾ ಹೇಳಾಕತ್ತೇನಲ್ಲ, ಬೇಕಾದ್ರ ಸಹಿ ಮಾಡಿ ಕೊಡ್ತೇನಿ. ನಿನ್ನ ಕೆಲಸ ನೀ ಮಾಡು, ಡಾಕ್ಟರಕಿ ಬ್ಯಾಡ" ಎಂದ. ನಮ್ಮ ದೀಪಾವಳಿ ಸಂಚಿಕೆಯನ್ನು ತಂದು, "ನೋಡಿಲ್ಲೆ, ಅಭ್ಯಂಗ ಎಲ್ಲ ವಯಸ್ಸಿನವರಿಗೂ ಹಿತ ಅಂತ ಬರದಾರ" ಎಂದು ನಿಮ್ಮ ಮುಂದೆ ಹಿಡಿದ. ರೊಕ್ಕವನ್ನೂ ಕೊಡದೆ ಕಳಿಸಿದ. ನೀವು ಹೊರಟಾಗ ಹಿರಿಯರು ಬಾಗಿಲತನಕ ಬಂದು, "ಅಂಗಾಲಿಗಷ್ಟರೆ ಹಚ್ಚಿ ಹೋಗಬೇಕಿತ್ತು" ಅಂದರಂತೆ. ನಾ ಮಾಡಿದ್ದು ತಪ್ಪೇನ್ರಿ ಎಂಬುದು ನಿಮ್ಮ ಪ್ರಶ್ನೆ.

ತಪ್ಪು ನಮ್ಮದು. ಆ ಲೇಖನವನ್ನು ಅಚ್ಚಿಗೆ ಕಳಿಸಿದವನು ನಾನೇ. ದಿನವೂ ಅಭ್ಯಂಗ ಮಾಡಿಕೋ ಎಂಬ ಆಯುರ್ವೇದದ ಗ್ರಂಥಕಾರ ವಾಗ್ಭಟನ ಮಾತನ್ನು ಲೇಖನ ಎತ್ತಿಕೊಂಡಿತ್ತು. ಅದೇ ಅಧ್ಯಾಯದಲ್ಲಿ, ಅದರ ಬೆನ್ನಿಗೇ, ಕಫದ ಬಾಧೆ ಇದ್ದವರಿಗೆ, ಅಜೀರ್ಣದವರಿಗೆ, ವಾಂತಿ, ಭೇದಿ ಮಾಡಿಸಿ ಮೈ ಶುದ್ಧಿ ಮಾಡುವ ಶೋಧನ ಚಿಕಿತ್ಸೆಯನ್ನು ಆಗಷ್ಟೇ ಮುಗಿಸಿದವರಿಗೆ ಎಣ್ಣೆ ಬೇಡ ಎಂದಿರುವುದನ್ನು ಬಿಟ್ಟಿತ್ತು. ಬೆವರಿಳಿಸುವ ಶಾಖದ ವಿಷಯದಲ್ಲಿ ಆಯುರ್ವೇದದ ಇನ್ನೊಬ್ಬ ಆಚಾರ್ಯ ಚರಕ ಇನ್ನೂ ಬಿಗಿ: ಹೃದಯ, ಕಣ್ಣು, ವೃಷಣ ಈ ಮೂರಕ್ಕೆ ಶಾಖ ಕೊಟ್ಟರೆ ಮೃದುವಾಗಿ ಕೊಡಬೇಕು, ಇಲ್ಲವಾದರೆ ಕೊಡಲೇಬಾರದು. ಪೂರ್ತಿ ಓದಿಸದೆ ಅಚ್ಚು ಮಾಡಿದ್ದಕ್ಕೆ ನಿಮ್ಮ ಮತ್ತು ಓದುಗರ ಕ್ಷಮೆ ಕೇಳುತ್ತೇನೆ.

ಈಗ ಆ ನೀಲಿ ಕಲೆಗಳ ಮಾತು. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಒಂದು ವರ್ಷದವರೆಗೆ ಎರಡು ಗುಳಿಗೆ ಒಟ್ಟಿಗೆ ಇರುತ್ತವೆ: ಆಸ್ಪಿರಿನ್, ಅದರ ಜೊತೆಗೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್. ಜನ ಇವನ್ನು ರಕ್ತ ತೆಳುವು ಮಾಡುವ ಗುಳಿಗಿ ಅನ್ನುತ್ತಾರೆ. ಸ್ಟೆಂಟಿನೊಳಗೆ ರಕ್ತ ಗಡ್ಡೆಯಾಗದಂತೆ ಕಾಯುವ ಔಷಧವೇ ಚರ್ಮದ ಕೆಳಗೆ ಸಣ್ಣ ನಾಳ ಒಡೆದರೆ ರಕ್ತ ಬೇಗ ನಿಲ್ಲದಂತೆಯೂ ಮಾಡುತ್ತದೆ. ಗರಡಿಯ ಮಾಲೀಸಿನ ಮೊಣಕೈ ಒತ್ತು, ಹೆಬ್ಬೆರಳ ಒತ್ತು ಪೈಲ್ವಾನನ ಮೈಗೆ ಹಿತ. ಈ ಗುಳಿಗೆ ನುಂಗುವ ಅರವತ್ತು ದಾಟಿದವರ ಮೈಯಲ್ಲಿ ಅದೇ ಒತ್ತು ಒಳಗೆ ರಕ್ತ ಇಳಿಸಬಹುದು. ನಿಮ್ಮ ಕಣ್ಣು ಅದನ್ನು ಹಿಡಿಯಿತು. ಹಾಗಂತ ಮಾಲೀಸಿಗಾಗಿ ಎರಡು ದಿನ ಗುಳಿಗೆ ಬಿಡಿ ಎಂದು ಯಾರಿಗೂ ಹೇಳಬೇಡಿ. ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು "ಬೆನ್ನು ಹಿಡಿದಿದೆ" ಎಂಬ ಆ ಎರಡು ಪದ. ನಮ್ಮ ಕಡೆ ಎದೆಯ ನೋವಿಗೆ ಮೊದಲು ವಾಯು ಎನ್ನುತ್ತೇವೆ, ಆಮೇಲೆ ಉಳುಕು ಎನ್ನುತ್ತೇವೆ, ಹೃದಯದ ಹೆಸರು ಬರುವುದು ಕೊನೆಗೆ. ಹೃದಯದ ನೋವು ಎದೆಯಲ್ಲೇ ಇರಬೇಕೆಂದಿಲ್ಲ. ಎಡ ತೋಳಿಗೆ, ದವಡೆಗೆ, ಎರಡು ಭುಜದ ನಡುವಿನ ಬೆನ್ನಿಗೂ ಬರುತ್ತದೆ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಬರೀ ಸುಸ್ತು, ಬೆವರು, ದಮ್ಮಿನ ರೂಪದಲ್ಲಿ ಬರುವುದೂ ಉಂಟು. ಇಂಥ ನೋವನ್ನು ಅರ್ಧ ತಾಸು ತಿಕ್ಕುತ್ತ ಕುಳಿತರೆ ಹೃದಯದ ಸ್ನಾಯು ಆ ಅರ್ಧ ತಾಸೂ ಸಾಯುತ್ತಿರುತ್ತದೆ. ಬೆನ್ನು ಬಾಗಿದಾಗ, ತಿರುಗಿದಾಗ, ಒತ್ತಿದಾಗ ಹೆಚ್ಚುವ ನೋವು ಬಹುಮಟ್ಟಿಗೆ ಸ್ನಾಯುವಿನದು. ಮೆಟ್ಟಿಲು ಹತ್ತಿದಾಗ ಬಂದು ಕುಳಿತಾಗ ಇಳಿಯುವ ನೋವು ಹೃದಯದ್ದಿರಬಹುದು. ಸುಮ್ಮನೆ ಕೂತಾಗಲೇ ಬಂದು, ಬೆವರಿನ ಜೊತೆ, ಇಳಿಯದೇ ಇರುವ ನೋವಿದ್ದರೆ ಎಣ್ಣೆ ಬಟ್ಟಲು ಅಲ್ಲೇ ಬಿಟ್ಟು 108ಕ್ಕೆ ಫೋನ್ ಮಾಡಿ. ದೊಡ್ಡ ಆಸ್ಪತ್ರೆ ದೂರವೆಂದು ಹಳ್ಳಿಯವರು ಕಾಯಬೇಕಾಗಿಲ್ಲ. ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಗಡ್ಡೆ ಕರಗಿಸುವ ಚುಚ್ಚುಮದ್ದು ಕೊಡಲೆಂದೇ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾಗಿದೆ.

ಮಗನ ಸಹಿಯ ವಿಷಯ ಕೇಳಿದ್ದೀರಿ. ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಪರೀಕ್ಷೆಗೆಂದು ಅರಿವಳಿಕೆ ಕೊಡಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳ ಗರ್ಭಕೋಶವನ್ನು, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಲಾಗಿತ್ತು. ಪ್ರಾಣಕ್ಕೆ ತುರ್ತಿರಲಿಲ್ಲ, ಆಕೆ ಬುದ್ಧಿ ನೆಟ್ಟಗಿದ್ದ ವಯಸ್ಕಳು, ಹಾಗಾಗಿ ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ನ್ಯಾಯಾಲಯ. ಏನು ಮಾಡುತ್ತೇವೆ, ಅದರಿಂದ ಏನಾಗಬಹುದು ಎಂದು ತಿಳಿಸಿದ ಮೇಲೆ ಕೊಟ್ಟದ್ದೇ ಒಪ್ಪಿಗೆ ಎಂದೂ ಹೇಳಿತು. ಅದು ವೈದ್ಯರ ಕುರಿತ ತೀರ್ಪು, ಮಾಲೀಸಿನದ್ದಲ್ಲ. ಆದರೆ ಹೆತ್ತ ತಾಯಿಯ ಮಾತೇ ಮಗಳ ಮೈಗೆ ನಡೆಯದಿದ್ದಾಗ, ಎಚ್ಚರವಾಗಿ ಎದುರಿಗೇ ಕೂತ ಅಪ್ಪನ ಬದಲು ಮಗ ಹೇಗೆ ಸಹಿ ಮಾಡಿಯಾನು? ನಮ್ಮ ಮನೆಗಳಲ್ಲಿ ಇದು ಪ್ರೀತಿಯಿಂದಲೇ ಆಗುತ್ತದೆ, ಗೊತ್ತು. ಮುಪ್ಪಿನವರನ್ನು ದವಾಖಾನೆಗೆ ಒಯ್ಯುವವನೂ ಗುಳಿಗೆ ತರುವವನೂ ಮಗನೇ, ಹಾಗಾಗಿ ಮಾತೂ ಅವನದೇ ಆಗಿಬಿಡುತ್ತದೆ. ಅಪ್ಪ ಸುಮ್ಮನಾಗುತ್ತಾನೆ. ಆ ಮಗನ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನನ್ನು ಕೇಳದೇ ಇದ್ದದ್ದಕ್ಕೆ ಮಾತ್ರ ಸಂಕಟವಿದೆ.

ಇನ್ನು ಮುಂದೆ ಎಣ್ಣೆ ಬಿಸಿ ಮಾಡುವ ಮೊದಲೇ ಮಲಗುವವರನ್ನೇ ಕೇಳಿ, ನಮ್ಮದೇ ಮಾತಿನಲ್ಲಿ: "ಎದಿ ಆಪರೇಶನ್ ಆಗೇತೇನ್ರಿ? ಮಶೀನ್ ಕುಂದ್ರಿಸ್ಯಾರೇನ್ರಿ? ರಕ್ತ ತೆಳುವಾಗೋ ಗುಳಿಗಿ ತಗೋತೀರೇನ್ರಿ? ಅಂಗಾತ ಮಲಗಿದ್ರ ದಮ್ಮು ಬರ್ತೈತೇನ್ರಿ? ಒಂದ ಕಾಲು ಬಾತೈತೇನ್ರಿ?" ಕೊನೆಯದನ್ನು ಎಂದೂ ಮರೆಯಬೇಡಿ. ಒಂದೇ ಮೀನಖಂಡ ಬಾತು, ಬೆಚ್ಚಗಾಗಿ, ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಗಡ್ಡೆ ಇರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಕ್ಷಣದಲ್ಲಿ ಜೀವ ತೆಗೆಯಬಲ್ಲದು. ಎರಡೂ ಕಾಲು ಬಾತು, ಮಲಗಿದರೆ ದಮ್ಮು ಬರುವವರ ಹೃದಯ ಸೋತಿರಬಹುದು. ಅವರ ಕಾಲನ್ನು ಕೆಳಗಿಂದ ಮೇಲಕ್ಕೆ ಜೋರಾಗಿ ನೀವಿದರೆ, ಕಾಲಲ್ಲಿ ತುಂಬಿದ ನೀರಿನ ಭಾರವೆಲ್ಲ ಸೋತ ಹೃದಯದ ಮೇಲೇ ಬೀಳಬಹುದು. ಎದೆಬಡಿತ ಕಾಯುವ ಮಶೀನ್, ಅಂದರೆ ಪೇಸ್‌ಮೇಕರ್, ಇದ್ದ ಕಡೆ ಒತ್ತಬೇಡಿ. ಬೈಪಾಸ್ ಆದವರ ಎದೆಮೂಳೆ ಕೂಡಲು ಎರಡು ಮೂರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ಬೋರಲು ಮಲಗಿಸಲೇಬಾರದು.

ಕುತ್ತಿಗೆಯನ್ನು ತಿರುವಿ ಲಟಕ್ ಅನ್ನಿಸುವ ರೂಢಿಯನ್ನಂತೂ ಯಾರಿಗೂ ಮಾಡಬೇಡಿ, ಗಟ್ಟಿಮುಟ್ಟಾದ ಹುಡುಗರಿಗೂ ಬೇಡ. ಅಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಅವುಗಳ ಒಳಪದರ ಹರಿದರೆ ಲಕ್ವ ಹೊಡೆಯಬಹುದು.

ಡಾಕ್ಟರ ಚೀಟಿ ತರಿಸುವುದು ಸರಿ. ಆದರೆ "ಮಾಲೀಸು ಮಾಡಿಸಬಹುದು" ಎಂಬ ಒಂದು ಸಾಲಿನಿಂದ ಪ್ರಯೋಜನ ಕಡಿಮೆ. ನೀವು ಹೇಗೆ ತಿಕ್ಕುತ್ತೀರಿ ಎಂದು ಆ ಡಾಕ್ಟರಿಗೆ ಗೊತ್ತಿರುವುದಿಲ್ಲ. ಎಷ್ಟು ಒತ್ತಬಹುದು, ಯಾವ ಭಾಗ ಬಿಡಬೇಕು, ಮಲಗಿಸಬಹುದೇ, ಬಿಸಿನೀರು ಎರೆಯಬಹುದೇ, ಇಷ್ಟನ್ನು ಕೇಳಿ ಬರೆಸಿಕೊಂಡು ಬರಲು ಹೇಳಿ. ಚೀಟಿ ಬಂದ ಮೇಲೂ ಮಲಗಿದವರು ಸಾಕು ಎಂದರೆ ಸಾಕು. ಮುಗಿದ ಮೇಲೆ ಎರಡು ನಿಮಿಷ ಕೂಡಿಸಿಯೇ ಎಬ್ಬಿಸಿ, ಬಿಪಿ ಗುಳಿಗೆಯವರಿಗೆ ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಅವರ ಕಾಯಿಲೆಯ ಸುದ್ದಿ ಅವರ ಮನೆಯಲ್ಲೇ ಉಳಿಯಲಿ, ಮುಂದಿನ ಮನೆಗೆ ಒಯ್ಯಬೇಡಿ. ನೀವು ಒಯ್ಯುವವರಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ, ಆ ಮನೆಯ ಬೀದಿಯ ಹೆಸರನ್ನೂ ನೀವು ಬರೆದಿಲ್ಲ.

ಆ ಸಂಚಿಕೆ ಮಗನ ಕೈಯಲ್ಲಿ ಇದ್ದ ಮೇಲೆ ಈ ಸಂಚಿಕೆಯೂ ಆ ಮನೆಗೆ ಹೋದೀತು. ಅವರು ಮತ್ತೆ ಕರೆದರೆ ಹೋಗಿ. ಡಾಕ್ಟರು ಹೂಂ ಅಂದಿದ್ದರೆ ಮೀನಖಂಡ ನೋಡಿ, ಸಕ್ಕರೆ ಕಾಯಿಲೆ ಇದೆಯೇ ಕೇಳಿ, ಎಣ್ಣೆಯ ಬಿಸಿಯನ್ನು ನಿಮ್ಮ ಮುಂಗೈ ಮೇಲೆ ನೋಡಿಕೊಳ್ಳಿ. ಹಿರಿಯರನ್ನು ಕುರ್ಚಿಯ ಮೇಲೆ ಕೂಡಿಸಿ, ಅವರು ಬಾಗಿಲಲ್ಲಿ ನಿಂತು ಕೇಳಿದ್ದನ್ನು ಮಾಡಿ: ಅಂಗಾಲಿಗೆ ಹಚ್ಚಿ, ಹಗುರಾಗಿ.