ಬಯಾಸ್ ಅಪ್ಡೇಟ್ ಮಾಡುವಾಗ ಕರೆಂಟ್ ಹೋಯ್ತು, ಹಳೇ ಪಿಸಿ ಈಗ ಆನ್ ಆಗ್ತಿಲ್ಲ. ಮದರ್‌ಬೋರ್ಡ್ ಹೋಯ್ತಾ?

ಬೋರ್ಡ್ ಹೋಗಿರ್ಲಿಕ್ಕಿಲ್ಲ ಮಾರಾಯ್ರೆ, ಹೆಚ್ಚಾಗಿ ಸರಿ ಆಗ್ತದೆ. ಬಯಾಸ್ ಅಂದ್ರೆ ಬೋರ್ಡಲ್ಲಿ ಸಾಮಾನ್ಯವಾಗಿ 8 ಕಾಲಿನ ಒಂದು ಸಣ್ಣ ಚಿಪ್ಪಲ್ಲಿರುವ ಪ್ರೋಗ್ರಾಂ, ಆನ್ ಮಾಡಿದ ಕೂಡ್ಲೆ ಪ್ರೊಸೆಸರ್ ಮೊದ್ಲು ಓದುದು ಅದನ್ನೇ, ಅಪ್ಡೇಟ್ ಅಂದ್ರೆ ಹಳೇದು ಅಳಿಸಿ ಹೊಸದು ಬರೆಯುದು, ಮಧ್ಯದಲ್ಲಿ ಕರೆಂಟ್ ಹೋದ್ರೆ ಅರ್ಧಂಬರ್ಧ ಉಳೀತದೆ, ಹಾಗಾಗಿ ಫ್ಯಾನ್ ತಿರುಗ್ತದೆ, ಸ್ಕ್ರೀನಲ್ಲಿ ಎಂತದೂ ಇಲ್ಲ. ಬೋರ್ಡಲ್ಲಿರುವ ನಾಣ್ಯದ ಹಾಗಿನ ಸಿಆರ್2032 ಸೆಲ್ ತೆಗ್ದು ಹಾಕಿದ್ರೆ ಸೆಟ್ಟಿಂಗ್ಸ್ ಮಾತ್ರ ರೀಸೆಟ್ ಆಗುದು, ಪ್ರೋಗ್ರಾಂ ಸರಿಯಾಗುದಿಲ್ಲ (ಆದ್ರೂ ಒಮ್ಮೆ ನೋಡಿ, ಖರ್ಚೇನಿಲ್ಲ). ಮತ್ತೆ ಉಡುಪಿಯಲ್ಲೋ ಮಂಗಳೂರಲ್ಲೋ ಚಿಪ್ ಲೆವೆಲ್ ರಿಪೇರಿ ಮಾಡುವವರ ಹತ್ರ ಕೊಂಡೋಗಿ, ಸಿಎಚ್341ಎ ಅಂತ ಚಿಪ್ಪಿಗೆ ಬರೆಯುವ ಅಗ್ಗದ ಸಾಧನ (ಪ್ರೋಗ್ರಾಮರ್) ಉಂಟು, ಚಿಪ್ಪಿಗೆ ಕ್ಲಿಪ್ ಹಾಕಿ ಬೇರೆ ಕಂಪ್ಯೂಟರಿಂದ ಬಯಾಸ್ ನೇರ ಬರೀಬಹುದು. ಬೋರ್ಡಿನ ಮಾಡೆಲ್, ರಿವಿಷನ್ ನಂಬರ್ ಮಾತ್ರ ಕರೆಕ್ಟಾಗಿ ಹೇಳಿ, ತಪ್ಪು ಫೈಲ್ ಹಾಕಿದ್ರೆ ಪುನಃ ಇದೇ ಕಥೆ.