ಬಿ. ಎಸ್. ಜಾನ್ಸನ್ ಯಾರು? ಅವರ ಕಾದಂಬರಿಗಳ ಬಗ್ಗೆ ಅಷ್ಟೊಂದು ತಕರಾರು ಯಾಕೆ?

1933ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ. 1973ರಲ್ಲಿ, ಬರೀ 40ನೇ ವಯಸ್ಸಿಗೆ ಆತ್ಮಹತ್ಯೆ ಮಾಡಿಕೊಂಡರು. ಕಥೆ ಹೇಳುವುದು ಅಂದರೆ ಸುಳ್ಳು ಹೇಳುವುದು ಅಂತ ಗಟ್ಟಿಯಾಗಿ ನಂಬಿದ್ದರು. ಕಾದಂಬರಿಕಾರನೇ ಹೀಗಂದರೆ ತಕರಾರು ಏಳದೆ ಇರುತ್ತದಾ? 1964ರ ‘ಆಲ್ಬರ್ಟ್ ಆಂಜೆಲೊ’ದಲ್ಲಿ, ಮುಂದೆ ಬರುವ ಸಾಲು ಮೊದಲೇ ಕಾಣಲಿ ಅಂತ ಹಾಳೆಗೇ ಕಿಂಡಿ ಕೊರೆಸಿದರು. ಸುಮ್ನೆ ಗಿಮಿಕ್ ಅಂದವರಿದ್ದಾರೆ.

ನನಗೆ ಹಾಗನ್ನಿಸುವುದಿಲ್ಲ. 1969ರ ‘ದಿ ಅನ್‌ಫಾರ್ಚುನೇಟ್ಸ್’ ನೋಡಿ. ಅದು ಒಂದು ಪೆಟ್ಟಿಗೆ. ಒಳಗೆ 27 ಬಿಡಿ ಭಾಗಗಳು. ಮೊದಲನೆಯದು, ಕೊನೆಯದು ಮಾತ್ರ ಗುರುತು ಮಾಡಿದ್ದು, ನಡುವಿನ 25ನ್ನು ಇಸ್ಪೀಟ್ ಎಲೆಯ ಹಾಗೆ ಕಲಸಿ ಓದಬಹುದು. ಫುಟ್‌ಬಾಲ್ ಪಂದ್ಯದ ವರದಿ ಮಾಡಲು ಒಂದು ಊರಿಗೆ ಬಂದಿಳಿದವನಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡ ಗೆಳೆಯ ಇದೇ ಊರಲ್ಲಿ ಇದ್ದವನಲ್ವಾ ಅಂತ ನೆನಪಾಗುತ್ತದೆ. ಒಂದು ಭಾಗದಲ್ಲಿ ಗೆಳೆಯ ಆಗಲೇ ಹಾಸಿಗೆ ಹಿಡಿದಿರುತ್ತಾನೆ, ಇನ್ನೊಂದು ತೆಗೆದರೆ ಗಟ್ಟಿಮುಟ್ಟಾಗಿ ಮಾತಾಡುತ್ತಿರುತ್ತಾನೆ. ಹತ್ತಿರದವರನ್ನು ಕಳೆದುಕೊಂಡವರಿಗೆ ಗೊತ್ತು, ನೆನಪು ಬರುವುದೇ ಹೀಗೆ, ವರಸೆಯಾಗಿ ಬರುವುದಿಲ್ಲ. ಆ ಬಿಡಿ ಹಾಳೆಗಳಿಗೆ ಕಾರಣ ಅದೇ. ಜಾನ್ಸನ್ ಅವರನ್ನು ಓದುವುದಾದರೆ ಈ ಪೆಟ್ಟಿಗೆಯಿಂದಲೇ ಶುರು ಮಾಡಿ.